ಪ್ರೊಸೆಸರ್ ಬದಲಿಸುವ ಮುನ್ನ

ಅಡಿಕೆ ಸುಲಿಯುವ ಕಾಲ ಬಂತೆಂದರೆ ಚನ್ನಗಿರಿ ಸೀಮೆಯ ಊರುಗಳಲ್ಲಿ ಸಿಪ್ಪೆಯ ನವಿರಾದ ನಾರೂ ಕಣದ ಧೂಳೂ ಒಂದಾಗಿ ಗಾಳಿಯಲ್ಲಿ ತೇಲಾಡುತ್ತಿರುತ್ತವೆ. ಮಂಡಿಯ ಮೂಲೆಯಲ್ಲಿ ಬೆಳಗಿನಿಂದ ಸಂಜೆಯವರೆಗೆ ಉರಿಯುವ ಕಂಪ್ಯೂಟರಿನ ಫ್ಯಾನು ಅದನ್ನೆಲ್ಲ ಒಳಕ್ಕೆಳೆದುಕೊಂಡು, ಪ್ರೊಸೆಸರಿನ ಬಿಸಿಯನ್ನು ಹೀರುವ ಅಲ್ಯೂಮಿನಿಯಮ್ ಹೀಟ್‌ಸಿಂಕಿನ ಸಂದುಗಳಲ್ಲಿ ದಟ್ಟವಾಗಿ ತುಂಬಿಬಿಡುತ್ತದೆ. ಬೇಸಗೆಯ ಮಧ್ಯಾಹ್ನ ಆ ಯಂತ್ರ ಮಂದವಾಗಿ, ಒಮ್ಮೊಮ್ಮೆ ತಾನಾಗಿಯೇ ಆರಿಹೋದಾಗ, ಪ್ರೊಸೆಸರೇ ಕೆಟ್ಟಿತೆಂದು ನಿಶ್ಚಯಿಸಿ ಹೊಸದರ ಬೆಲೆ ವಿಚಾರಿಸಲು ಹೊರಡುವವರು ಬಹುಮಂದಿ. ವಾಸ್ತವವಾಗಿ ಆ ಪೆಟ್ಟಿಗೆಯೊಳಗಿನ ಭಾಗಗಳಲ್ಲಿ ಅತ್ಯಂತ ವಿರಳವಾಗಿ ಕೆಡತಕ್ಕದ್ದು ಪ್ರೊಸೆಸರೇ. ಬಿಸಿ ಸುಮಾರು 100 ಡಿಗ್ರಿ ಸೆಲ್ಸಿಯಸ್ಸನ್ನು ಸಮೀಪಿಸಿದೊಡನೆ ಅದು ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ. ತಗ್ಗಿಸಿಯೂ ಸಾಲದಿದ್ದರೆ ಯಂತ್ರವನ್ನೇ ನಿಲ್ಲಿಸಿಬಿಡುತ್ತದೆ. ನಾವು ರೋಗವೆಂದು ತಿಳಿದದ್ದು ಬಹುಪಾಲು ಅದರ ಆತ್ಮರಕ್ಷಣೆಯ ಉಪಾಯವೇ ಆಗಿರುತ್ತದೆ.

ಹಾಗಾದರೆ ಪ್ರೊಸೆಸರು ಮಾಡುವ ಕೆಲಸವಾದರೂ ಏನು? ಬೆಳೆಗಾರನೊಬ್ಬ ರಾಶಿ ಅಡಿಕೆಯನ್ನು ತಂದು ತೂಗಿಸಿದನೆನ್ನೋಣ. ತೂಕವನ್ನು ಧಾರಣೆಯಿಂದ ಗುಣಿಸಿ, ಮೊದಲೇ ಪಡೆದ ಮುಂಗಡವನ್ನು ಕಳೆದು, ಉಳಿದ ಹಣವನ್ನು ತೋರಿಸಬೇಕು. ಈ ಒಂದು ಲೆಕ್ಕ ಪ್ರೊಸೆಸರನ್ನು ಮುಟ್ಟುವ ಹೊತ್ತಿಗೆ ಅಸಂಖ್ಯ ಸಣ್ಣ ಆದೇಶಗಳಾಗಿ ಒಡೆದಿರುತ್ತದೆ. ಆದೇಶವನ್ನು ಮೆಮೊರಿಯಿಂದ ತರುವುದು, ಅದರ ಅರ್ಥವನ್ನು ಬಿಡಿಸಿಕೊಳ್ಳುವುದು, ಅದರಂತೆ ನಡೆದು ಫಲವನ್ನು ಹಿಂದಕ್ಕಿಡುವುದು, ಇಷ್ಟೇ ಅದು ಅವಿಶ್ರಾಂತವಾಗಿ ನಡೆಸುವ ಕಾರ್ಯ. 1971ರಲ್ಲಿ ಇಂಟೆಲ್ ಸಂಸ್ಥೆ ಹೊರತಂದ 4004 ಎಂಬ ಚಿಪ್ಪಿನಲ್ಲಿ 2,300 ಟ್ರಾನ್ಸಿಸ್ಟರುಗಳಿದ್ದು, ಅದರ ಗಡಿಯಾರ ಸೆಕೆಂಡಿಗೆ ಸುಮಾರು ಏಳೂವರೆ ಲಕ್ಷ ಸಲ ಮಿಡಿಯುತ್ತಿತ್ತು. ಇಂದು 3 ಗಿಗಾಹರ್ಟ್ಸ್ ಎಂದು ಬರೆದಿರುವ ಸಾಧಾರಣ ಪ್ರೊಸೆಸರಿನಲ್ಲಿ ಆ ಮಿಡಿತ ಸೆಕೆಂಡಿಗೆ 300 ಕೋಟಿ.

ಮಂಡಿಯ ಗುಮಾಸ್ತರು ಈ ಹೊತ್ತಿನ ಚೀಟಿಗಳನ್ನು ಕೈಯಳತೆಯಲ್ಲಿಯೂ, ಈ ತಿಂಗಳ ಖಾತೆಯನ್ನು ಬೀರುವಿನಲ್ಲಿಯೂ, ಹಳೆಯ ವರ್ಷಗಳ ಕಡತಗಳನ್ನು ಅಟ್ಟದ ಮೇಲೂ ಇರಿಸಿಕೊಳ್ಳುವಂತೆ, ಪ್ರೊಸೆಸರಿಗೂ ತನ್ನೊಳಗೇ ಇರುವ ಕ್ಯಾಶ್, ಪಕ್ಕದ ರ್‍ಯಾಮ್, ದೂರದ ಡಿಸ್ಕ್ ಎಂಬ ಮೂರು ನೆಲೆಗಳುಂಟು. ಅಟ್ಟ ಹತ್ತಿಳಿಯುವುದರಲ್ಲಿಯೇ ದಿನ ಕಳೆಯುವ ಕಡೆ ಎಷ್ಟು ಚುರುಕಾದ ಗುಮಾಸ್ತರನ್ನು ನೇಮಿಸಿದರೂ ಕೆಲಸ ಸಾಗದು. ತಿರುಗುವ ಹಾರ್ಡ್ ಡಿಸ್ಕನ್ನು ತೆಗೆದು ಎಸ್‌ಎಸ್‌ಡಿ ಹಾಕಿಸಿ, ರ್‍ಯಾಮನ್ನು ಹೆಚ್ಚಿಸಿದ ಮಾತ್ರಕ್ಕೆ ಹಳೆಯ ಯಂತ್ರಗಳು ಚೇತರಿಸಿಕೊಳ್ಳುವುದು ಇದೇ ಕಾರಣದಿಂದ.

ಕನ್ನಡ ನಾಡಿಗೂ ಈ ವಿದ್ಯೆಗೂ ಇರುವ ನಂಟು ಅಲ್ಪವಾದುದಲ್ಲ. ಸುಮಾರು 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೇರಿಸಿದ 'ಭೂಮಿ' ಯೋಜನೆಯು ತಾಲ್ಲೂಕು ಕಚೇರಿಯ ಬಾಗಿಲಿಗೆ ಬಂದ ರೈತನಿಗೆ ಈ ಯಂತ್ರದ ಪರಿಚಯ ಮಾಡಿಕೊಟ್ಟಿತು. 2008ರ ಸೆಪ್ಟೆಂಬರಿನಲ್ಲಿ ಇಂಟೆಲ್ ಬಿಡುಗಡೆ ಮಾಡಿದ ಜಿಯಾನ್ 7400 ಶ್ರೇಣಿಯ ಪ್ರೊಸೆಸರು, ಆರು ಕೋರುಗಳೂ 190 ಕೋಟಿ ಟ್ರಾನ್ಸಿಸ್ಟರುಗಳೂ ಉಳ್ಳದ್ದು, ಬೆಂಗಳೂರಿನ ಎಂಜಿನಿಯರುಗಳ ವಿನ್ಯಾಸ. ಜಗತ್ತಿನ ಸರ್ವರುಗಳಲ್ಲಿ ದುಡಿದ ಅಂಥ ವಸ್ತುವೊಂದರ ನಕ್ಷೆ ನಮ್ಮ ರಾಜಧಾನಿಯಲ್ಲಿ ಸಿದ್ಧವಾಯಿತೆಂಬುದು ನಮ್ಮ ಶಾಲೆಗಳ ಮಕ್ಕಳು ಅವಶ್ಯವಾಗಿ ತಿಳಿದಿರಬೇಕಾದ ಸಂಗತಿ.

ಇನ್ನು ಪ್ರೊಸೆಸರನ್ನು ಬದಲಿಸಲೇಬೇಕಾದ ಸಂದರ್ಭ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿದಿರುವುದರಿಂದಲೂ, ವಿಂಡೋಸ್ 11 ಇಂಟೆಲ್ಲಿನ ಎಂಟನೆಯ ಪೀಳಿಗೆಗಿಂತ ಹಿಂದಿನವುಗಳನ್ನು ಬಹುಮಟ್ಟಿಗೆ ಒಪ್ಪದಿರುವುದರಿಂದಲೂ ಈ ವಿಚಾರ ಈಗ ಅನೇಕರ ಮುಂದಿದೆ. ಆದರೆ ಇಲ್ಲಿಯೇ ಒಂದು ದೊಡ್ಡ ತೊಡಕುಂಟು. ಇಂಟೆಲ್ಲಿನ ಏಳನೆಯ ಪೀಳಿಗೆಗೂ ಎಂಟನೆಯದಕ್ಕೂ ಪ್ರೊಸೆಸರು ಕೂರುವ ಸಾಕೆಟ್ಟಿನ ಸಂಪರ್ಕಬಿಂದುಗಳು 1151, ಗಾತ್ರವೂ ಒಂದೇ. ಹೀಗಿದ್ದೂ ಹಳೆಯ ಮದರ್‌ಬೋರ್ಡಿನಲ್ಲಿ ಹೊಸ ಪೀಳಿಗೆಯದು ನಡೆಯದು. ಎಎಂಡಿ ಸಂಸ್ಥೆಯ ಎಎಂ4 ಸಾಕೆಟ್ಟಿನದು ಇದಕ್ಕಿಂತ ಉದಾರವಾದ ಪದ್ಧತಿ: 2017ರ ಮೊದಲ ರೈಜೆನ್ ಪ್ರೊಸೆಸರುಗಳ ಕಾಲದ ಎಷ್ಟೋ ಬೋರ್ಡುಗಳು, ಬೋರ್ಡಿನೊಳಗಿನ ಬಯಾಸ್ ತಂತ್ರಾಂಶವನ್ನು ನವೀಕರಿಸಿದ ಮೇಲೆ, 2020ರ 5000 ಶ್ರೇಣಿಯನ್ನೂ ಸ್ವೀಕರಿಸುತ್ತವೆ. ಆದುದರಿಂದ ಬೋರ್ಡಿನ ಮೇಲೆ ಮುದ್ರಿತವಾಗಿರುವ ಮಾದರಿಯ ಹೆಸರನ್ನು ಬರೆದುಕೊಂಡು, ತಯಾರಕರು ಪ್ರಕಟಿಸಿರುವ ಪಟ್ಟಿಯಲ್ಲಿ ಹೊಂದುವ ಪ್ರೊಸೆಸರುಗಳನ್ನು ನೋಡದೆ ಯಾರೂ ಹಣ ತೆರಬಾರದು.

ಬಿಚ್ಚುವ ಮೊದಲು ಯಂತ್ರವನ್ನು ಸ್ವಲ್ಪ ಹೊತ್ತು ನಡೆಸುವುದು ಮೇಲು, ಏಕೆಂದರೆ ಪ್ರೊಸೆಸರಿಗೂ ಹೀಟ್‌ಸಿಂಕಿಗೂ ನಡುವೆ ಒಣಗಿ ಗಟ್ಟಿಯಾದ ಥರ್ಮಲ್ ಪೇಸ್ಟು ಬಿಸಿಗೆ ಸಡಿಲವಾಗುತ್ತದೆ. ಬಳಿಕ ಆರಿಸಿ, ಕರೆಂಟಿನ ತಂತಿ ಕಿತ್ತು, ಪೆಟ್ಟಿಗೆಯ ಬಣ್ಣವಿಲ್ಲದ ಲೋಹವನ್ನು ಮುಟ್ಟಿ ಮೈಯ ಸ್ಥಿರವಿದ್ಯುತ್ತನ್ನು ಇಳಿಸಿಕೊಳ್ಳಬೇಕು. ಹೀಟ್‌ಸಿಂಕನ್ನು ನೇರವಾಗಿ ಮೇಲೆತ್ತದೆ ಎಡಕ್ಕೂ ಬಲಕ್ಕೂ ಮೆಲ್ಲನೆ ತಿರುವಿ ಬಿಡಿಸಬೇಕು. ಎಎಂ4ರಲ್ಲಿ ಜಗ್ಗಿ ಎಳೆದರೆ ಪ್ರೊಸೆಸರೇ ಅದಕ್ಕಂಟಿಕೊಂಡು ಮೇಲೆದ್ದು ಸೂಜಿಗಾಲುಗಳು ಬಾಗುವುದುಂಟು. ಇಂಟೆಲ್ಲಿನ ಸಾಕೆಟ್ಟುಗಳಲ್ಲಿ ಆ ಸೂಕ್ಷ್ಮವಾದ ಕಾಲುಗಳಿರುವುದು ಬೋರ್ಡಿನಲ್ಲಿ, ಆದುದರಿಂದ ಅದರೊಳಕ್ಕೆ ಬೆರಳು ತಾಗಕೂಡದು. ಸಾಕೆಟ್ಟಿನ ಸನ್ನೆಯನ್ನೆತ್ತಿ ಹಳೆಯ ಪ್ರೊಸೆಸರನ್ನು ತೆಗೆದು, ಹೊಸದರ ಮೂಲೆಯಲ್ಲಿರುವ ಪುಟ್ಟ ತ್ರಿಕೋನವನ್ನು ಸಾಕೆಟ್ಟಿನ ಗುರುತಿಗೆ ಸರಿಹೊಂದಿಸಿ ಇಟ್ಟರೆ ಅದು ತನ್ನ ಭಾರಕ್ಕೇ ಕುಳಿತುಕೊಳ್ಳುತ್ತದೆ. ಒತ್ತಬೇಕೆನಿಸಿದರೆ ಎಲ್ಲಿಯೋ ತಪ್ಪಿದೆಯೆಂದೇ ಅರ್ಥ. ಇಂಟೆಲ್ಲಿನ ಸನ್ನೆಯನ್ನು ಇಳಿಸುವಾಗ ಮಾತ್ರ ತುಸು ಬಲ ಬೇಕಾಗುತ್ತದೆ, ಕಿರ್ರೆಂಬ ಸದ್ದೂ ಬರುತ್ತದೆ, ಅದಕ್ಕೆ ಅಂಜಬೇಕಾದುದಿಲ್ಲ. ಹೀಟ್‌ಸಿಂಕಿನ ತಳದಲ್ಲಿರುವ ಹಳೆಯ ಪೇಸ್ಟನ್ನು ಐಸೊಪ್ರೊಪೈಲ್ ಆಲ್ಕೋಹಾಲಿನಿಂದ ಪೂರ್ತಿಯಾಗಿ ಒರೆಸಿ, ಸಂದುಗಳ ಧೂಳನ್ನು ಬ್ಲೋಯರಿನಿಂದ ತೆಗೆದು, ಬಟಾಣಿ ಗಾತ್ರದಷ್ಟು ಹೊಸ ಪೇಸ್ಟನ್ನು ಪ್ರೊಸೆಸರಿನ ಮಧ್ಯದಲ್ಲಿಟ್ಟು, ಸ್ಕ್ರೂಗಳನ್ನು ಎದುರುಬದುರು ಮೂಲೆಗಳಲ್ಲಿ ಸ್ವಲ್ಪಸ್ವಲ್ಪವಾಗಿ ಬಿಗಿಸಬೇಕು. ಫ್ಯಾನಿನ ತಂತಿಯನ್ನು ಸೇರಿಸಲು ಮರೆಯಬಾರದು.

ಗುಂಡಿ ಒತ್ತಿದ ಮೇಲೂ ಪರದೆ ಬೆಳಗದಿದ್ದರೆ ಹೊಸ ಪ್ರೊಸೆಸರನ್ನು ಶಂಕಿಸುವ ಮೊದಲು ಸಾಕೆಟ್ಟಿನ ಬಳಿಯ ನಾಲ್ಕು ಅಥವಾ ಎಂಟು ಪಿನ್ನಿನ ವಿದ್ಯುತ್ ತಂತಿ ಸರಿಯಾಗಿ ಕೂತಿದೆಯೇ, ಅಲುಗಾಡಿದ ರ್‍ಯಾಮ್ ತನ್ನ ಜಾಗದಲ್ಲಿ ಭದ್ರವಾಗಿದೆಯೇ ಎಂದು ನೋಡತಕ್ಕದ್ದು. ಪರದೆ ಬೆಳಗಿದೊಡನೆ ಬಯಾಸ್ ಹೊಕ್ಕು, ಅಲ್ಲಿ ತೋರುವ ಉಷ್ಣಾಂಶವನ್ನು ಕೆಲವು ನಿಮಿಷ ಗಮನಿಸಬೇಕು. ಏನೂ ಕೆಲಸವಿಲ್ಲದೆಯೇ ಅದು ಒಂದೇ ಸಮನೆ ಏರುತ್ತಿದ್ದರೆ ಯಂತ್ರವನ್ನು ಆರಿಸಿ ಹೀಟ್‌ಸಿಂಕನ್ನು ಮತ್ತೊಮ್ಮೆ ಬಿಚ್ಚಿ ಕೂರಿಸಬೇಕಾಗುತ್ತದೆ.