ಸಂದಿ ಹುಡುಕಿದ ಸೀಸ

1942ರ ಏಪ್ರಿಲ್. ಫ್ರಾನ್ಸಿನ ದಡಕ್ಕೆ ಸೈನ್ಯ ಇಳಿಸಿದ ಮೇಲೆ ಅದರ ಲಾರಿ, ಟ್ಯಾಂಕುಗಳಿಗೆ ಪೆಟ್ರೋಲು ಒದಗಿಸುವುದು ಹೇಗೆಂಬ ಚಿಂತೆ ಲಂಡನ್ನಿನವರ ನಿದ್ದೆ ಕೆಡಿಸಿತ್ತು. ತೈಲದ ಹಡಗುಗಳು ಬಾಂಬಿಗೆ ಸುಲಭದ ತುತ್ತು. ಕಡಲ ತಳದಲ್ಲಿ ಕೊಳವೆ ಹಾಸೋಣವೆಂದರೆ, ಇಂಗ್ಲಿಷ್ ಕಡಲ್ಗಾಲುವೆಯ ಉಬ್ಬರವಿಳಿತ ತುಂಡು ತುಂಡು ಬೆಸೆಯುತ್ತ ಕೂರಲು ಪುರಸೊತ್ತು ಕೊಡುವಂಥದ್ದಲ್ಲ. ಆಂಗ್ಲೋ-ಇರಾನಿಯನ್ ತೈಲ ಕಂಪನಿಯ ಮುಖ್ಯ ಎಂಜಿನಿಯರ್ ಆರ್ಥರ್ ಹಾರ್ಟ್ಲಿಗೆ ಆಗ ಹೊಳೆದದ್ದು ಸಮುದ್ರದಡಿಯ ಕೇಬಲ್ಲು. ಹೊಟ್ಟೆಯೊಳಗಿನ ತಂತಿಯನ್ನೆಲ್ಲ ತೆಗೆದುಬಿಟ್ಟರೆ ಉಳಿಯುವುದು ಬಳುಕುವ ಸೀಸದ ಕೊಳವೆಯೇ ತಾನೆ!

ಸೀಮೆನ್ಸ್ ಬ್ರದರ್ಸ್ ಕಾರ್ಖಾನೆ 2 ಅಂಗುಲ ಒಳವ್ಯಾಸದ ಕೊಳವೆ ಮಾಡಿಕೊಟ್ಟಿತು. ಒಳಗೆ ಸೀಸ, ಅದರ ಮೇಲೆ ಕಾಗದ, ಉಕ್ಕಿನ ಪಟ್ಟಿ, ಉಕ್ಕಿನ ತಂತಿ, ಕಟ್ಟಕಡೆಗೆ ಸೆಣಬು. ಮೊದಲ ಪರೀಕ್ಷೆಗಳಲ್ಲಿ ಒತ್ತಡ ಏರುತ್ತಲೇ ಅದು ಕೈಕೊಟ್ಟಿತು. ಬಿಚ್ಚಿ ನೋಡಿದರೆ, ಸುತ್ತಿದ ಪಟ್ಟಿಗಳ ನಡುವಿನ ಸಂದಿಯಲ್ಲಿ ಮೆತ್ತನೆಯ ಸೀಸ ಚಕ್ಕುಲಿ ಒರಳಿನಿಂದ ಹಿಟ್ಟು ಇಳಿದಂತೆ ಹೊರಕ್ಕೆ ನುಗ್ಗಿತ್ತು. ಎರಡಿದ್ದ ಪಟ್ಟಿಯ ಪದರು ನಾಲ್ಕಾಯಿತು. ಒಂದರ ಸಂದಿಯನ್ನು ಇನ್ನೊಂದು ಮುಚ್ಚಿತು.

ಪರೀಕ್ಷೆಗೆಂದು ಡಿಸೆಂಬರ್ ಕೊನೆಗೆ ಬ್ರಿಟನ್ನಿನೊಳಗೇ ಸ್ವಾನ್‌ಸೀಯಿಂದ ಇಲ್‌ಫ್ರಾಕೂಂಬ್‌ವರೆಗೆ ಸುಮಾರು 30 ಮೈಲಿ ಹಾಸಿದರು. ಕಡಲಿನ ಭಾರಕ್ಕೆ ಚಪ್ಪಟೆಯಾಗದಿರಲೆಂದು ಒಳಗೆ ಒತ್ತಡದ ನೀರು ತುಂಬಿಯೇ ಇಳಿಸಿದ್ದರು. ಪೆಟ್ರೋಲು ಹರಿಯಿತು, ಆದರೆ ಯುದ್ಧದ ಹಸಿವಿಗೆ ಅದು ಯಾವ ಮೂಲೆಗೆ? 3 ಅಂಗುಲದ್ದಾದರೆ ಹೆಚ್ಚುಕಡಿಮೆ ಮೂರು ಪಟ್ಟು ಹರಿದೀತು. ಸರಿ, ಕೊಳವೆ ದಪ್ಪಗಾಯಿತು.

1944ರ ಆಗಸ್ಟಿನಲ್ಲಿ ಇಂಗ್ಲೆಂಡಿನ ವೈಟ್ ದ್ವೀಪದಿಂದ ಫ್ರಾನ್ಸಿನ ಶೆರ್ಬೂರಿನತ್ತ ಹೊರಟ ಮೊದಲ ಕೊಳವೆಗೆ ಬೆಂಗಾವಲು ಹಡಗಿನ ಲಂಗರು ಸಿಕ್ಕಿಕೊಂಡಿತು. ಎರಡನೆಯದು ಜೊತೆಗಿದ್ದ ಹಡಗಿನ ಪ್ರೊಪೆಲರ್‌ಗೆ ಸುತ್ತಿಕೊಂಡಿತು. ಸೆಪ್ಟೆಂಬರಿನಲ್ಲಿ ಅಂತೂ ಪೆಟ್ರೋಲು ಆಚೆ ದಡ ಮುಟ್ಟಿತು. ಇನ್ನಷ್ಟು ಬರಲಿ ಎಂದು ಅಕ್ಟೋಬರಿನಲ್ಲಿ ಒತ್ತಡ ಏರಿಸಿದ್ದೇ ತಡ, ಜೋಡಣೆಯೊಂದು ಸೋತಿತು. ಕೊಳವೆ ಗಟ್ಟಿಯಿದ್ದರೂ ಕೀಲು ಬಿಟ್ಟುಕೊಟ್ಟಿತ್ತು. ಹಟ ಬಿಡದೆ ಡಂಜನೆಸ್‌ನಿಂದ ಬೂಲೋನಿಗೆ ಮತ್ತೆ ಹಾಸಿದರು. ಆ ಸಾಲು ನಿಂತಿತು.

3 ಅಂಗುಲದ ದಪ್ಪ ಕೊಳವೆ ಕೇಳಿದ ಬೆಲೆ ಮಾತ್ರ ಹಳೆಯ ಲೆಕ್ಕದ್ದೇ. ವರ್ಸೈಗೆ ನೀರು ತರುವ ಕೆಲಸದ ಸಂದರ್ಭದಲ್ಲಿ ಫ್ರೆಂಚ್ ವಿಜ್ಞಾನಿ ಎದ್ಮ್ ಮಾರಿಯೊಟ್ ಪೀಪಾಯಿಯೊಂದಕ್ಕೆ ಉದ್ದನೆಯ ಕೊಳವೆ ನಿಲ್ಲಿಸಿ, ನೀರಿನ ಮಟ್ಟ ಏರಿಸುತ್ತ ಅದನ್ನು ಒಡೆದು ನೋಡಿದ್ದ. ಅದನ್ನು ವಿವರಿಸಿದ ಅವನ ಪುಸ್ತಕ ಅಚ್ಚಾದದ್ದು 1686ರಲ್ಲಿ. ಒತ್ತಡ ಹೆಚ್ಚಿದಂತೆ, ವ್ಯಾಸ ಹೆಚ್ಚಿದಂತೆ ಗೋಡೆಯೂ ದಪ್ಪಗಾಗಬೇಕೆಂದು ಅವನು ಕಂಡುಕೊಂಡ. ಕೊಳವೆಯನ್ನು ಉದ್ದಕ್ಕೆ ಎರಡು ಸೀಳಾಗಿ ಊಹಿಸಿದರೆ, ಹೊಟ್ಟೆ ಅಗಲವಾದಷ್ಟೂ ಸೀಳುಗಳನ್ನು ಬೇರೆಬೇರೆಯಾಗಿ ದೂಡುವ ಬಲ ಹೆಚ್ಚು. ಹಿಡಿದಿಡುವುದು ಮಾತ್ರ ಎರಡು ಬದಿಯ ಅದೇ ಗೋಡೆ. 2 ಅಂಗುಲಕ್ಕೆ ಸಾಕಾಗಿದ್ದ ಉಕ್ಕಿನ ಕವಚವನ್ನು ಹಾಗೆಯೇ 3 ಅಂಗುಲಕ್ಕೆ ತೊಡಿಸಿದರೆ, ಅದು ತಾಳುವುದು ಮೊದಲಿನ ಒತ್ತಡದ ಮೂರರಲ್ಲಿ ಎರಡು ಪಾಲನ್ನಷ್ಟೇ.