ಬರೆಯುವುದು ಯಂತ್ರ, ತಿದ್ದುವುದು ಎಂಜಿನಿಯರ್

ಬಸವಕಲ್ಯಾಣದ ಮಗ್ಗುಲಲ್ಲೇ ಇರುವ ನಾರಾಯಣಪುರಕ್ಕೆ ಹೊರಗಿನವರು ಬರುವುದು ಕಲ್ಯಾಣ ಚಾಲುಕ್ಯರ ಕಾಲದ ಶಿವಾಲಯ ನೋಡಲು. ಇಲ್ಲಿನ ಮಕ್ಕಳು ಹೊರಗೆ ಹೋಗುವುದು ಓದಲು, ನೌಕರಿ ಹಿಡಿಯಲು. ಬಸವಕಲ್ಯಾಣ, ಭಾಲ್ಕಿ, ಬೀದರ್ ಮೂರೂ ಕಡೆ ಎಂಜಿನಿಯರಿಂಗ್ ಕಾಲೇಜುಗಳಿವೆ. ಹುಮನಾಬಾದ್ ಮೂಲಕ ಹಾದುಹೋಗುವ ಹೆದ್ದಾರಿಯಲ್ಲಿ ಒಂದು ದಿಕ್ಕಿಗೆ ಪುಣೆ, ಇನ್ನೊಂದು ದಿಕ್ಕಿಗೆ ಹೈದರಾಬಾದ್. ಎರಡೂ ಸಾಫ್ಟ್‌ವೇರ್ ಕಂಪನಿಗಳ ಊರುಗಳೇ. ಕಂಪ್ಯೂಟರ್ ಸೈನ್ಸ್ ಸೀಟು ಸಿಕ್ಕರೆ ಸಾಕು, ಮಗ ದಡ ಸೇರಿದ ಎಂದು ಪಾಲಕರು ನಿಶ್ಚಿಂತರಾಗುತ್ತಿದ್ದ ಕಾಲವೊಂದಿತ್ತು. ಪ್ರೋಗ್ರಾಂ ಬರೆಯುವ ಕೆಲಸವನ್ನು ಯಂತ್ರವೇ ಮಾಡುವುದಾದರೆ ನಮ್ಮ ಮಕ್ಕಳಿಗೆ ಉಳಿಯುವುದೇನು ಎಂಬುದು ಈಗಿನ ಚಿಂತೆ.

ಚಿಂತೆ ಸಹಜವೇ. ಆದರೆ ಅದರ ಬೆನ್ನಿಗೇ ಇನ್ನೊಂದು ಪ್ರಶ್ನೆಯುಂಟು, ಕೇಳುವವರು ಕಡಿಮೆ. ಉಳಿಯುವ ಕೆಲಸ ಮನಸ್ಸಿಗೆ ತೃಪ್ತಿ ಕೊಡುತ್ತದೆಯೇ? ಕಾಯಕದ ಮಾತು ಮೊಳೆತ ನೆಲದಲ್ಲಿ ಇದನ್ನು ಕೇಳದಿದ್ದರೆ ಹೇಗೆ?

ಪ್ರೋಗ್ರಾಂ ಬರೆಯಲು ನೆರವಾಗುವ 'ಗಿಟ್‌ಹಬ್ ಕೋಪೈಲಟ್' 2021ರಲ್ಲಿ ಪ್ರಯೋಗಕ್ಕೆ, ಮರುವರ್ಷ ಎಲ್ಲರ ಬಳಕೆಗೆ ಬಂತು. 2022ರ ನವೆಂಬರ್‌ನಲ್ಲಿ 'ಚಾಟ್‌ಜಿಪಿಟಿ' ಬಂದ ಮೇಲಂತೂ ಕೃತಕ ಬುದ್ಧಿಮತ್ತೆ ಮನೆಮಾತಾಯಿತು. ಈಗಾಗಲೇ ಬರೆದಿಟ್ಟ ಅಪಾರ ಪ್ರೋಗ್ರಾಂಗಳಿಂದ ತರಬೇತಿ ಪಡೆದ ಈ ಸಾಧನಗಳು ಮುಂದಿನ ಸಾಲು ಏನಿರಬಹುದೆಂದು ಊಹಿಸುತ್ತವೆ. ಹತ್ತಾರು ಸಾವಿರ ಜನ ಮಾಡಿದ್ದ ಕೆಲಸವಾದರೆ ಊಹೆ ಚೆನ್ನಾಗಿಯೇ ಇರುತ್ತದೆ. ತಪ್ಪಿದಾಗಲೂ ಅಷ್ಟೇ ಧೈರ್ಯದಿಂದ ಬರೆಯುತ್ತವೆ ಎಂಬುದೇ ತೊಡಕು.

'ಸ್ಟ್ಯಾಕ್ ಓವರ್‌ಫ್ಲೋ' ಸಂಸ್ಥೆ ಪ್ರತಿವರ್ಷ ಜಗತ್ತಿನ ಸಾಫ್ಟ್‌ವೇರ್ ತಜ್ಞರ ಸಮೀಕ್ಷೆ ನಡೆಸುತ್ತದೆ. 2025ರಲ್ಲಿ 49 ಸಾವಿರಕ್ಕೂ ಹೆಚ್ಚು ಜನ ಉತ್ತರಿಸಿದರು. ಶೇ 84ರಷ್ಟು ಮಂದಿ ಈ ಸಾಧನಗಳನ್ನು ಬಳಸುತ್ತಿದ್ದಾರೆ ಇಲ್ಲವೇ ಬಳಸಲಿದ್ದಾರೆ. ನಂಬುತ್ತಾರೆಯೇ ಎಂದರೆ, ನಂಬುವವರು ಶೇ 33, ನಂಬದವರು ಶೇ 46! 'ಬಹುತೇಕ ಸರಿ, ಪೂರ್ತಿ ಸರಿಯಲ್ಲ' ಎನ್ನುವಂಥ ಉತ್ತರಗಳೇ ದೊಡ್ಡ ಕಿರಿಕಿರಿ ಎಂದವರು ಶೇ 66. ತೊಗರಿಬೇಳೆಯಲ್ಲಿ ಬೇಳೆಯ ಬಣ್ಣದ್ದೇ ಹರಳು ಸೇರಿಕೊಂಡರೆ ಆರಿಸುವವರ ಪಾಡು ಹೇಗಿರುತ್ತದೆಂದು ಬೀದರ್ ಸೀಮೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಅದೇ ಸಮೀಕ್ಷೆಯಲ್ಲಿ ನೌಕರಿ ಸಂತೋಷ ಕೊಟ್ಟಿದೆ ಎಂದವರು ನಾಲ್ವರಲ್ಲಿ ಒಬ್ಬರಷ್ಟೆ. ಇದು ಹಿಂದಿನ ವರ್ಷದ ಶೇ 20ಕ್ಕಿಂತ ಮೇಲು. ಆದ್ದರಿಂದ ಯಂತ್ರ ಬಂದು ಸಂತೋಷ ಕೆಟ್ಟಿತು ಎನ್ನುವ ಹಾಗಿಲ್ಲ. ಯಂತ್ರದಿಂದಲೇ ಹೆಚ್ಚಿತು ಎನ್ನುವ ಹಾಗೂ ಇಲ್ಲ. ತೃಪ್ತಿ ಯಾವುದರಿಂದ ಎಂಬುದಕ್ಕೆ ಸಂಬಳದ ಜೊತೆಗೆ ಬಂದ ಉತ್ತರಗಳು ಗಮನಾರ್ಹ: ಕೆಲಸದಲ್ಲಿ ಸ್ವಾತಂತ್ರ್ಯ, ಮೇಲಿನವರ ವಿಶ್ವಾಸ, ನಿಜವಾದ ಸಮಸ್ಯೆಯೊಂದನ್ನು ಬಿಡಿಸುವ ಅವಕಾಶ.

ಇನ್ನೊಂದು ಪರೀಕ್ಷೆ ಇದಕ್ಕಿಂತ ಸ್ವಾರಸ್ಯದ್ದು. 2025ರಲ್ಲಿ ಅಮೆರಿಕದ 'ಮೆಟರ್' ಎಂಬ ಸಂಶೋಧನಾ ಸಂಸ್ಥೆ 16 ಮಂದಿ ನುರಿತ ಪ್ರೋಗ್ರಾಮರ್‌ಗಳಿಗೆ, ಅವರು ವರ್ಷಗಳಿಂದ ಬಲ್ಲ ಪ್ರೋಗ್ರಾಂಗಳಲ್ಲೇ, 246 ಕೆಲಸಗಳನ್ನು ಒಪ್ಪಿಸಿತು. ಕೆಲವಕ್ಕೆ ಯಂತ್ರದ ನೆರವು ಉಂಟು, ಕೆಲವಕ್ಕೆ ಇಲ್ಲ. ನೆರವಿದ್ದರೆ ಸಮಯ ಶೇ 24ರಷ್ಟು ಉಳಿದೀತೆಂದು ಅವರ ಅಂದಾಜು. ಆದದ್ದು ತಿರುಗಾಮುರುಗಾ: ಶೇ 19ರಷ್ಟು ಹೆಚ್ಚು ಸಮಯ ಹಿಡಿಯಿತು. ಮುಗಿದ ಮೇಲೂ ಅವರು ಶೇ 20ರಷ್ಟು ಉಳಿಯಿತೆಂದೇ ನಂಬಿದ್ದರು! ಹಾಗೆಂದು ಇದೇ ಕೊನೆಯ ಮಾತಲ್ಲ. ಅದಕ್ಕೂ ಮುಂಚಿನ ಒಂದು ಪ್ರಯೋಗದಲ್ಲಿ ಹೊಸದಾಗಿ ಬರೆಯಬೇಕಿದ್ದ ಚಿಕ್ಕ ಪ್ರೋಗ್ರಾಂ ಕೋಪೈಲಟ್ ನೆರವಿನಿಂದ ಅರ್ಧಕ್ಕಿಂತ ಕಡಿಮೆ ಹೊತ್ತಿನಲ್ಲಿ ಮುಗಿದಿತ್ತು. ಸಾಧನಗಳೂ ದಿನೇ ದಿನೇ ಸುಧಾರಿಸುತ್ತಿವೆ.

ದಿನವೆಲ್ಲ ತಲೆ ಕೆಡಿಸಿಕೊಂಡು ಕೊನೆಗೆ ಗಂಟು ಬಿಡಿಸಿದಾಗ ಆಗುವ ಖುಷಿಗಾಗಿಯೇ ಈ ವೃತ್ತಿಗೆ ಅಂಟಿಕೊಂಡವರುಂಟು. ಬೇಸರದ ಚಾಕರಿಯನ್ನು ಯಂತ್ರಕ್ಕೆ ವಹಿಸಿ, ಗಂಟನ್ನು ತಾವೇ ಬಿಡಿಸುವವರಿಗೆ ಅದು ಒಳ್ಳೆಯ ಆಳು. ಗಂಟು ಬಿಡಿಸುವುದನ್ನೂ ಅದಕ್ಕೇ ಕೊಟ್ಟು, ಬರೆದದ್ದನ್ನು ತಿದ್ದುತ್ತ ಕೂರುವವರಿಗೆ ಉಳಿಯುವುದು ಮೇಲ್ವಿಚಾರಣೆ ಮಾತ್ರ.

ಹೊಸಬರ ಪಾಡು ಇನ್ನೂ ಸೂಕ್ಷ್ಮ. ಸಣ್ಣಪುಟ್ಟ ದೋಷ ಸರಿಪಡಿಸುವುದು, ಪರೀಕ್ಷೆ ಬರೆಯುವುದು ಮೊದಲಾದ ಕೆಲಸಗಳಲ್ಲಿಯೇ ಅವರು ಕಸುಬು ಕಲಿಯುತ್ತಿದ್ದರು. ಈಗ ಯಂತ್ರದ ಪಾಲಾಗುತ್ತಿರುವುದು ಇವೇ. ತಿದ್ದಲು ಬರೆಯುವುದಕ್ಕಿಂತ ಹೆಚ್ಚಿನ ತಿಳಿವಳಿಕೆ ಬೇಕು. ಬರೆದೇ ಕಲಿಯದವನು ತಿದ್ದುವುದು ಹೇಗೆ?

ಕನ್ನಡ ಮಾಧ್ಯಮದಲ್ಲಿ ಓದಿ ಎಂಜಿನಿಯರಿಂಗ್ ಸೇರಿದ ಮಕ್ಕಳಿಗೆ ಮಾತ್ರ ಇದರಿಂದ ಒಂದು ಲಾಭವುಂಟು. ಇಂಗ್ಲಿಷ್ ಪಠ್ಯದಲ್ಲಿ ಅರ್ಥವಾಗದ ವಿಷಯವನ್ನು ಕನ್ನಡದಲ್ಲಿಯೇ, ರಾತ್ರಿ ಹನ್ನೊಂದಕ್ಕೂ, ನಾಚಿಕೆಯಿಲ್ಲದೆ ಹತ್ತು ಸಲ ಕೇಳಬಹುದು. ಉತ್ತರವನ್ನು ಪುಸ್ತಕದೊಂದಿಗೆ ತಾಳೆ ನೋಡಿ, ಪ್ರೋಗ್ರಾಂ ಮಾತ್ರ ತಾನೇ ಬರೆದರೆ ಆ ಕೇಳಿಕೆ ಪಾಠವಾಗುತ್ತದೆ. ಪ್ರೋಗ್ರಾಮನ್ನೂ ಅದರಿಂದಲೇ ಬರೆಸಿಕೊಂಡು ಹೋದ ಹುಡುಗನಿಗೆ ಪ್ರಯೋಗಾಲಯದ ಮೌಖಿಕ ಪರೀಕ್ಷೆಯಲ್ಲಿ ಪರೀಕ್ಷಕರು 'ಈ ಸಾಲು ಏಕೆ?' ಎಂದಾಗ ಪಕ್ಕದಲ್ಲಿ ಯಂತ್ರ ಇರುವುದಿಲ್ಲ.