ರಾಜೀನಾಮೆಯೊಡನೆ ಸೇವೆಯೂ ಅಳಿಯಬೇಕೆ?

ಅಳ್ನಾವರ ಜಂಕ್ಷನ್ನಿನಲ್ಲಿ ಗಾಡಿ ಬದಲಿಸಿದ ಪ್ರಯಾಣಿಕನು ಕ್ರಮಿಸಿದ ದೂರವನ್ನು ಕಳೆದುಕೊಳ್ಳುವುದಿಲ್ಲ. ಆದರೆ ಸರ್ಕಾರಿ ಬ್ಯಾಂಕನ್ನು ತೊರೆದು ಪ್ರತಿಸ್ಪರ್ಧಿ ಬ್ಯಾಂಕನ್ನು ಸೇರುವ, ಹಳೆಯ ಪಿಂಚಣಿ ಯೋಜನೆಯ ನೌಕರನ ಗತಿ ಬೇರೆ. 1995ರ ಪಿಂಚಣಿ ನಿಯಮಾವಳಿಯ 22ನೆಯ ನಿಯಮದಂತೆ, ರಾಜೀನಾಮೆಯಿತ್ತವನ ಹಿಂದಿನ ಸೇವೆಯೆಲ್ಲ ಮುಟ್ಟುಗೋಲು. 2004ರಲ್ಲಿ ಯೂಕೋ ಬ್ಯಾಂಕ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಎತ್ತಿಹಿಡಿಯಿತು.

ಪಿಂಚಣಿ ಔದಾರ್ಯವಲ್ಲವೆಂದು 1982ರ ನಕಾರಾ ತೀರ್ಪಿನಲ್ಲಿ ಸಾರಿದ್ದೂ ಅದೇ ನ್ಯಾಯಾಲಯ. ಅರ್ಥಶಾಸ್ತ್ರದ ದೃಷ್ಟಿಯಲ್ಲಿ ಅದು ಮುಂದಕ್ಕೆ ಕಾದಿರಿಸಿದ ವೇತನ. ಐದು ವರ್ಷ ಸೇವೆ ಪೂರೈಸಿ ರಾಜೀನಾಮೆ ನೀಡಿದವನಿಗೂ ಗ್ರಾಚ್ಯುಟಿ ದೊರೆಯುವಾಗ ಪಿಂಚಣಿಗೇಕೆ ಬೇರೆ ನ್ಯಾಯ?

ನೌಕರ ಹೊರಟರೆ ಸಂಸ್ಥೆಗೆ ನಷ್ಟವಾಗುವುದು ನಿಜ. ಅದಕ್ಕೆ ಬಾಂಡ್ ಇದೆ. ವಿಜಯ ಬ್ಯಾಂಕಿನಿಂದ ಐಡಿಬಿಐಗೆ ಹೋದ ಅಧಿಕಾರಿ ತೆತ್ತ 2 ಲಕ್ಷ ರೂಪಾಯಿಯ ಬಾಂಡನ್ನು ಸುಪ್ರೀಂ ಕೋರ್ಟ್ 2025ರಲ್ಲಿ ಮಾನ್ಯ ಮಾಡಿತು. ನಷ್ಟ ತುಂಬಿಕೊಳ್ಳುವುದು ಬೇರೆ, ದುಡಿಮೆಯ ಫಲವನ್ನು ಕಸಿಯುವುದು ಬೇರೆ. ಸಲ್ಲಿಸಿದ ಸೇವೆಗೆ ತಕ್ಕ ಪ್ರಮಾಣದ ಪಿಂಚಣಿಯನ್ನು ನಿಯಮವೇ ಖಾತರಿಪಡಿಸಬೇಕು.